ಊದಿದ ಕೆನ್ನೆಯ ಊರು

ಕೇಬಲ್ ಆಫೀಸಿನ ಯಜಮಾನ ಒಳ್ಳೆಯವನೇ, ಇಲ್ಲವೆನ್ನುವಂತಿಲ್ಲ. ಆದರೆ ಒಳ್ಳೆಯವರು ಕೆಟ್ಟ ಸುದ್ದಿ ಹೇಳುವಾಗ ಎದುರಿಗಿದ್ದವರ ಮುಖ ನೋಡುವುದಿಲ್ಲ ನೋಡಿ, ಅವನೂ ಫ್ಯಾನಿನ ಕಡೆ ನೋಡಿಕೊಂಡೇ ಹೇಳಿದ.

"ಮೈಕಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮ ಕಾರ್ಯಕ್ರಮ ಶುರುವಾದ್ರೆ ಸಾಕು, ಜನ ನಂಗೆ ಫೋನ್ ಮಾಡ್ತಾರೆ. ಚಿತ್ರ ನಿಂತುಬಿಟ್ಟಿದೆ, ಕೇಬಲ್ ಸರಿ ಮಾಡಿ ಅಂತಾರೆ. ಕೇಬಲ್ ಸರಿಯಾಗೇ ಇದೆ ಕಣ್ರೀ, ಕೂತಿರೋರೇ ಅಲ್ಲಾಡ್ತಿಲ್ಲ ಅಂತ ನಾನು ಎಷ್ಟು ಜನಕ್ಕೆ ಹೇಳ್ಲಿ?"

ಮೈಕಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು. ವಾರಕ್ಕೊಮ್ಮೆ ಊರಿನ ಒಬ್ಬರನ್ನು ಅವರ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಕೂರಿಸಿ, ಈ ಊರು ಹೀಗೇಕಿದೆ, ಇಲ್ಲಿನ ಜನಕ್ಕೆ ಈ ಗುಣ ಎಲ್ಲಿಂದ ಬಂತು ಎಂದು ಕೇಳುವ ಕಾರ್ಯಕ್ರಮ ಅದು. ಕೇಳುವವಳು ಅವಳು. ಮೈಕು ಹಿಡಿದು ಓಡಾಡಿಯೇ ಆ ಹೆಸರು ಬಂದಿದ್ದು, ಹೆತ್ತವರು ಇಟ್ಟ ಹೆಸರು ಈಗ ಅವಳಿಗೇ ಮರೆತಂತಾಗಿತ್ತು. ಕ್ಯಾಮೆರಾ ಹಿಡಿಯುವವರು ಅವಳ ಅತ್ತೆ. ಬೇರೆಲ್ಲೂ ಇಲ್ಲದ ತೊಂದರೆ ಶುರುವಾಗಿದ್ದು ಅಲ್ಲಿಂದಲೇ.

ಅತ್ತೆಯೆಂದರೆ ಊರಿಗೆಲ್ಲ ಫೋಟೋ ಅತ್ತೆ. ಪೇಟೆಯ ತಿರುವಿನಲ್ಲಿದ್ದ ಒಂದೇ ಒಂದು ಸ್ಟುಡಿಯೋ ಅವರದು. ಊರಿನ ಮದುಮಕ್ಕಳು, ಕೂಸುಗಳು, ನಿವೃತ್ತರಾದ ಗುಮಾಸ್ತರು, ಯಾರೇ ಆಗಲಿ, ಅವರ ಮುಂದೆ ಸ್ಟೂಲಿನ ಮೇಲೆ ಕೂತು, ಅವರು ಗದ್ದ ಹಿಡಿದು ತಿರುಗಿಸಿದತ್ತ ತಿರುಗಿ, "ಅಲ್ಲಾಡಬೇಡಿ" ಎಂದಾಗ ಉಸಿರು ಕಟ್ಟಿ ಕೂತವರೇ. ಹಾಗಾಗಿ ಈಗಲೂ ಅವರು ಟೀವಿ ಕ್ಯಾಮೆರಾ ಹಿಂದೆ ನಿಂತು ಒಂದು ಕಣ್ಣು ಮುಚ್ಚಿದರೆ ಸಾಕು, ಎಂಥ ಮಾತಿನ ಮಲ್ಲನೂ ಗರ ಬಡಿದವನಂತೆ ಕೂತುಬಿಡುತ್ತಿದ್ದ. ಅತ್ತೆಯೂ ಅಷ್ಟೇ, ಎಷ್ಟು ಹೇಳಿದರೂ ಬಾಯಿ ತಪ್ಪಿ "ಅಲ್ಲಾಡಬೇಡಿ" ಅಂದೇ ಅನ್ನುತ್ತಿದ್ದರು.

"ನನ್ನ ಬಾಮೈದ ಇದಾನೆ, ಕ್ಯಾಮೆರಾ ಚೆನ್ನಾಗಿ ಹಿಡೀತಾನೆ," ಎಂದ ಯಜಮಾನ, ಈಗ ಕ್ಯಾಲೆಂಡರಿನ ಕಡೆ ನೋಡುತ್ತ. "ಈ ವಾರದ್ದು ಹೇಗೋ ಮುಗಿಸಿ. ಮುಂದಿನ ವಾರದಿಂದ ಅತ್ತೆಗೆ ವಿಶ್ರಾಂತಿ ಕೊಡಿ. ಇಲ್ಲಾಂದ್ರೆ ಕಾರ್ಯಕ್ರಮಕ್ಕೇ ವಿಶ್ರಾಂತಿ ಕೊಡಬೇಕಾಗುತ್ತೆ."

ವಿಶ್ರಾಂತಿಯಂತೆ, ವಿಶ್ರಾಂತಿ! ಆ ವಿಶ್ರಾಂತಿ ಏನೆಂದು ಮೈಕಮ್ಮ ಕಣ್ಣಾರೆ ಕಂಡಿದ್ದಳು. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದು ಸ್ಟುಡಿಯೋ ಮುಚ್ಚಿದ ಮೇಲೆ ಅತ್ತೆ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತರು, ಕೂತವರು ಏಳಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು, ಮಾತಾಡಿಸಿದರೆ ಒಂದು "ಹೂಂ". ಒಂದೇ ಲೆನ್ಸನ್ನು ಬೆಳಿಗ್ಗೆ ಒರೆಸುವರು, ಸಂಜೆ ಮತ್ತೆ ಅದನ್ನೇ ಒರೆಸುವರು. ಕೇಬಲ್ ಆಫೀಸಿನ ಕ್ಯಾಮೆರಾ ತಂದು ಮೈಕಮ್ಮ ಅವರ ಕೈಗಿಟ್ಟ ದಿನ, "ಇನ್ನೊಂದು ಸ್ವಲ್ಪ ಬಡಿಸು" ಎಂದು ಕೇಳಿ ಹಾಕಿಸಿಕೊಂಡು ಉಂಡಿದ್ದರು. ಈಗ ಅದೇ ಕ್ಯಾಮೆರಾವನ್ನು ಅದೇ ಕೈಯಿಂದ ಕಿತ್ತುಕೊಳ್ಳಬೇಕು. ಯಾವ ಬಾಯಲ್ಲಿ ಹೇಳುವುದು?

ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಶೂಟಿಂಗ್ ದಿನ ಬಂತು. ಮೈಕಮ್ಮ ಒಂದು ಉಪಾಯ ಮಾಡಿದ್ದಳು. ಈ ಸಲ ಬೀಗದಣ್ಣನನ್ನು ಕೂರಿಸುವುದೆಂದು. ಬೀಗ ರಿಪೇರಿ ಮಾಡುವ ಆ ಮನುಷ್ಯ ನಿದ್ದೆಯಲ್ಲೂ ಮಾತಾಡುತ್ತಾನೆಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಅವನೊಬ್ಬ ಬಾಯಿ ಬಿಟ್ಟರೆ ಅತ್ತೆಯ ಕೆಲಸ ಉಳಿಯುತ್ತದೆ ಎಂಬುದು ಅವಳ ಲೆಕ್ಕ.

ಅವನ ಅಂಗಡಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದಷ್ಟು ಇಕ್ಕಟ್ಟು. ಗೋಡೆ ತುಂಬ ಬೀಗದಕೈಗಳು, ಮೂಲೆಯಲ್ಲಿ ಅವನ್ನು ಕೊರೆಯುವ ಯಂತ್ರ, ಮೇಜಿನ ಮೇಲೆಲ್ಲ ಹಿತ್ತಾಳೆಯ ಪುಡಿ. ಕ್ಯಾಮೆರಾದ ಸ್ಟ್ಯಾಂಡು ನಿಲ್ಲಿಸುವಷ್ಟರಲ್ಲಿ ಅವನು ಪಕ್ಕದ ಅಂಗಡಿಯ ಹೊಲಿಗೆಯಕ್ಕನ ಜಗಳ, ಮುರಿದ ಬಾಗಿಲು, ತನ್ನ ಮಂಡಿನೋವು, ಎಲ್ಲವನ್ನೂ ಹೇಳಿ ಮುಗಿಸಿದ್ದ. ಮೈಕಮ್ಮನ ಎದೆ ಹಗುರಾಯಿತು.

ಅಷ್ಟರಲ್ಲಿ ಅತ್ತೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಕೈ ಎತ್ತಿದರು. "ಗದ್ದ ಸ್ವಲ್ಪ ಮೇಲೆ. ಹಾಂ. ಅಲ್ಲಾಡಬೇಡಿ."

ಮುಗಿಯಿತು. ಬೀಗದಣ್ಣ ಕಲ್ಲಾದ.

"ನಮ್ಮ ಪಟ್ಟಣದ ವ್ಯಕ್ತಿತ್ವವನ್ನು ರೂಪಿಸಿದ ಮುಖ್ಯ ಅಂಶಗಳು ಯಾವುವು?" ಎಂದು ಕೇಳಿದಳು ಮೈಕಮ್ಮ. ಪ್ರಶ್ನೆಯೂ ಅಂಥದ್ದೇ ಬಿಡಿ, ಪರೀಕ್ಷೆಯಲ್ಲಿ ಕೇಳಿದ ಹಾಗೆ.

"ಹೌದು," ಎಂದ ಬೀಗದಣ್ಣ, ತುಟಿ ಅಲ್ಲಾಡಿಸದೆ.

"ಅಲ್ಲ, ಈ ಊರಿನ ಗುಣ ಏನು ಅಂತ..."

"ಒಳ್ಳೇದು."

"ತುಂಬಾ ಚೆನ್ನಾಗಿ ಬರ್ತಿದೆ," ಎಂದರು ಅತ್ತೆ ಹಿಂದಿನಿಂದ ಖುಷಿಯಾಗಿ. "ಹಾಗೇ ಇರು, ಅಲ್ಲಾಡಬೇಡ."

ಮೈಕಮ್ಮನಿಗೆ ಎಲ್ಲಿತ್ತೋ ಸಿಟ್ಟು. "ಅಲ್ಲಾಡ್ಲಿ ಬಿಡಿ ಅತ್ತೆ! ಇದು ಫೋಟೋ ಅಲ್ಲ, ಟೀವಿ! ಅಲ್ಲಾಡ್ಲಿ ಅಂತಾನೇ ಟೀವಿ ಇರೋದು! ನೀವು ಹೀಗೆ ಮಾಡ್ತೀರಿ ಅಂತಾನೇ ನಿಮ್ಮನ್ನ ತೆಗೀತಿದ್ದಾರೆ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು? ಅತ್ತೆ ಕ್ಯಾಮೆರಾ ಮೇಲಿಂದ ಕೈ ತೆಗೆದರು. "ತೆಗೀತಿದ್ದಾರಾ?" ಎಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿಂಗೆ ಮೊದಲೇ ಗೊತ್ತಿತ್ತಾ?" ಮೈಕಮ್ಮ ತಲೆ ತಗ್ಗಿಸಿದಳು. ಅತ್ತೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ, ಬೀಗದಣ್ಣನಿಗೆ ಎದುರಾಗಿ ಕೂತರು.

ಮೈಕಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೈಕನ್ನು ಮೇಜಿನ ಮೇಲೆ ಇಟ್ಟು, ಕ್ಯಾಮೆರಾ ಆಫ್ ಮಾಡೋಣವೆಂದು ಹಿಂದೆ ಹೋದಳು.

"ಅಯ್ಯೋ ಫೋಟೋ ಅತ್ತೆ, ನೀರು ಕುಡೀತೀರಾ?" ಎಂದಿತು ಕಲ್ಲು. ಅತ್ತೆ ಕ್ಯಾಮೆರಾ ಬಿಟ್ಟು ಬಂದದ್ದೇ ತಡ, ಬೀಗದಣ್ಣನ ಮೈಗೆ ಜೀವ ಬಂದಿತ್ತು.

"ನೀರೂ ಬೇಡ, ಗೀರೂ ಬೇಡ," ಎಂದರು ಅತ್ತೆ. ನೋವಾದರೆ ಅವರಿಗೆ ಅಳು ಬರುವುದಿಲ್ಲ, ಬೈಗುಳ ಬರುತ್ತದೆ. "ಎಲ್ಲಾ ನಿನ್ನಂಥೋರಿಂದಲೇ ಆಗಿದ್ದು. ಬೀದಿಯಲ್ಲಿ ಬಾಯಿ ಮುಚ್ಚಲ್ಲ, ನನ್ನ ಮುಂದೆ ಮಾತ್ರ ಮೂಗಬಸವ. ನಿನ್ನ ಮದುವೆ ಫೋಟೋದಲ್ಲೂ ಹಿಂಗೇ ಕೂತಿದ್ದೆ, ಎಡಗೆನ್ನೆ ಊದಿಸ್ಕೊಂಡು. ನಿಮ್ಮಪ್ಪಂಗೂ ಹಂಗೇ ಊದಿತ್ತು. ಈ ಊರಿನ ಮುಖದ ಮೂಳೆಯೇ ಹಂಗೆ ಅಂದ್ಕೊಂಡು ಸುಮ್ಮನಾದೆ. ಆ ಕೆನ್ನೆಗಳನ್ನ ಕುಂಚ ಹಿಡಿದು ತಿದ್ದಿ ತಿದ್ದಿ ನನ್ನ ಕಣ್ಣೇ ಹೋಯ್ತು, ಗೊತ್ತಾ?"

ಬೀಗದಣ್ಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಕ್ಕನೆ ನಕ್ಕ. "ಮೂಳೆ ಅಲ್ಲ ಅತ್ತೆ. ಅದು ಪೆಪ್ಪರಮಿಂಟು."

ಮೈಕಮ್ಮನ ಬೆರಳು ಆಫ್ ಗುಂಡಿಯ ಮೇಲಿತ್ತು. ಅಲ್ಲೇ ನಿಂತಿತು.

"ಏನಂದೆ?"

"ನಿಮ್ಮ ಸ್ಟುಡಿಯೋದಲ್ಲಿ ಕನ್ನಡಿ ಪಕ್ಕ ಮೊಳೆಗೆ ಒಂದು ಕರೀ ಕೋಟು ತೂಗುಹಾಕಿರ್ತಿದ್ರಲ್ಲ, ಕೋಟಿಲ್ಲದೋರು ಹಾಕ್ಕೊಳ್ಳಲಿ ಅಂತ? ಅದರ ಒಳಜೇಬಲ್ಲಿ ಯಾವಾಗ್ಲೂ ಒಂದು ಪೆಪ್ಪರಮಿಂಟ್ ಇರ್ತಿತ್ತು. ಹೆದರಿಕೆಗೆ ಬಾಯಿ ಒಣಗುತ್ತಲ್ಲ, ಅದಕ್ಕೆ. ನಮ್ಮಪ್ಪ ನಂಗೆ ಕಾಯೋ ಬೆಂಚಿನ ಮೇಲೆ ಕಿವಿಯಲ್ಲಿ ಹೇಳಿದ್ದು. ಇರೋದನ್ನ ತಿನ್ನು, ಮುಂದಿನೋರಿಗೆ ಒಂದು ಇಟ್ಟು ಬಾ ಅಂತ. ಎಲ್ರೂ ಮನೆಯಿಂದ ಒಂದು ತಂದಿರ್ತಿದ್ವಿ. ಬಾಯಿಗೆ ಹಾಕ್ಕೊಳ್ಳೋ ಹೊತ್ತಿಗೆ ಸರಿಯಾಗಿ ನೀವು ಕರೀತಿದ್ರಿ, ಕೂತ್ರೆ ಅಲ್ಲಾಡಬೇಡಿ ಅಂತಿದ್ರಿ. ಅಗಿಯೋದು ಹೇಗೆ? ಕೆನ್ನೇಲಿಟ್ಕೊಂಡು ಕೂತ್ಕೋತಿದ್ವಿ!"

ಅತ್ತೆ ಬಾಯಿ ತೆರೆದವರು ಮುಚ್ಚಲಿಲ್ಲ. "ಅಷ್ಟು ವರ್ಷ... ನನಗೊಬ್ಬಳಿಗೆ ಗೊತ್ತಿಲ್ಲ?"

"ಗೊತ್ತಾದ್ರೆ ಬೈತೀರಿ ಅಂತ!" ಬಾಗಿಲಲ್ಲಿ ಹೊಲಿಗೆಯಕ್ಕ, ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಬಂದು ನಿಂತಿದ್ದಳು. "ಕೋಟು ಗಂಡಸರದ್ದಾದ್ರೇನು, ಜೇಬಿಗೆ ಕೈ ಹಾಕೋಕೆ ನಮಗೇನು ಅಡ್ಡಿ? ನನ್ನ ಫೋಟೋ ತೆಗೆಯೋ ದಿನ ನಾನೂ ಈ ಬೀಗದವನೂ ಮಾತು ಬಿಟ್ಟಿದ್ವಿ. ನನ್ನ ಹಿಂದೆ ಬೆಂಚಲ್ಲಿ ಇವನೇ ಕೂತಿದ್ದ. ಇಡದೇ ಹೋಗಿಬಿಡೋಣ, ಇವನ ಗಂಟಲು ಒಣಗಲಿ ಅಂದ್ಕೊಂಡೆ. ಏನ್ಮಾಡ್ಲಿ, ಕೈ ಕೇಳ್ಲಿಲ್ಲ. ಎರಡು ಇಟ್ಟೆ."

"ಅದು ನೀನಾ?" ಎಂದ ಬೀಗದಣ್ಣ. "ಎರಡು ಸಿಕ್ಕಿತ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೆನಲ್ಲೇ!"

ಅತ್ತೆಗೆ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಸದ್ದು ಬಂತು, ಆಮೇಲೆ ಕಣ್ಣಲ್ಲಿ ನೀರು. "ಮೂಳೆ ಅಂದ್ಕೊಂಡಿದ್ದೆನಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಕೇಳಿದರು, "ಶುರು ಮಾಡಿದ್ದು ಯಾರು?" ಯಾರಿಗೂ ಗೊತ್ತಿರಲಿಲ್ಲ. "ಇಡದೇ ಹೋದೋರು ಯಾರಾದ್ರೂ ಇದ್ರಾ?" ಇದ್ದರೋ ಏನೋ, ಪಕ್ಕದಲ್ಲಿದ್ದವರು ಇಡುತ್ತಿದ್ದರಂತೆ. ಅತ್ತೆ ಕೇಳುತ್ತ ಹೋದರು, ಅವರು ಹೇಳುತ್ತ ಹೋದರು. ಬೀದಿಯಲ್ಲಿ ಹೋಗುತ್ತಿದ್ದವರೂ ಬಾಗಿಲಿಗೆ ಬಂದು ತಮ್ಮ ತಮ್ಮ ಕೆನ್ನೆಯ ಕತೆ ಸೇರಿಸಿದರು.

ಮೈಕಮ್ಮ ಕ್ಯಾಮೆರಾ ಹಿಂದೆಯೇ ನಿಂತಿದ್ದಳು. ಒಂದು ವರ್ಷದಿಂದ ಅಂಶ, ರೂಪ, ವ್ಯಕ್ತಿತ್ವ ಎಂದು ತಾನು ತಲೆ ಚಚ್ಚಿಕೊಂಡು ಕೇಳಿದ ಪ್ರಶ್ನೆಗೆ ಉತ್ತರ ಎದುರಿಗೇ ನಗುತ್ತಿತ್ತು, ಅದನ್ನು ಹೊರಗೆ ತಂದವಳು ಮಾತ್ರ ಅವಳಲ್ಲ. ಸಂತೋಷವಾಯಿತು. ಸಂತೋಷದ ಪಕ್ಕದಲ್ಲೇ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು. ಬೀದಿಯಲ್ಲಿ ಜನ ಮೈಕಮ್ಮ ಬಂದ್ಲು ಎಂದು ತಿರುಗಿ ನೋಡುವುದು ಅವಳಿಗೆ ಇಷ್ಟವಿತ್ತು, ಬಲು ಇಷ್ಟ. ಕೇಳುವ ಕೆಲಸ ತನ್ನದೆಂದೇ ತಿಳಿದಿದ್ದಳು. ಬದಲಿಸಬೇಕಾಗಿದ್ದು ಅತ್ತೆಯನ್ನಲ್ಲ, ಅತ್ತೆ ನಿಂತಿದ್ದ ಜಾಗವನ್ನು ಎಂಬುದು ಈಗ ಹೊಳೆಯುತ್ತಿತ್ತು. ಅವಳು ಬಗ್ಗಿ, ಕೈ ಚಾಚಿ, ಮೇಜಿನ ಮೇಲಿದ್ದ ಮೈಕನ್ನು ಮೆಲ್ಲಗೆ ಅತ್ತೆಯ ಕಡೆ ತಳ್ಳಿದಳು. ಅತ್ತೆ ಅದನ್ನು ಕೈಗೆತ್ತಿಕೊಂಡರು, ಎತ್ತಿಕೊಂಡದ್ದು ಅವರಿಗೇ ಗೊತ್ತಾಗಲಿಲ್ಲ.

ಕಾರ್ಯಕ್ರಮ ಪ್ರಸಾರವಾದ ದಿನ ಯಜಮಾನನ ಫೋನು ಬಡಿದುಕೊಂಡೇ ಇತ್ತಂತೆ. ಮರುದಿನ ಅವನೇ ಮನೆಗೆ ಬಂದ. ಈ ಸಲ ಮುಖ ನೋಡಿಯೇ ಮಾತಾಡಿದ. "ನನ್ನ ಹಳೇ ಫೋಟೋನೂ ಹುಡುಕಿ ನೋಡಿದೆ ಕಣ್ರೀ. ಎಡಗೆನ್ನೆ! ಅತ್ತೆ ಎಷ್ಟು ತಿದ್ದಿದ್ರೂ ಒಂಚೂರು ಉಳಿದಿದೆ!" ಎಂದು ತನ್ನ ಕೆನ್ನೆ ತಟ್ಟಿಕೊಂಡ. "ಬಾಮೈದನಿಗೆ ಬೇರೆ ಏನಾದ್ರೂ ನೋಡೋಣ. ನೀವೇ ಕ್ಯಾಮೆರಾ ಹಿಡೀರಿ, ಅತ್ತೆ ಕೇಳ್ಲಿ. ಶುರುವಲ್ಲಿ ತೋರಿಸೋಕೆ ಅತ್ತೇದೊಂದು ಫೋಟೋ ಬೇಕಿತ್ತು."

ಮನೆಯ ಗೋಡೆಗಳ ಮೇಲೆಲ್ಲ ಫೋಟೋಗಳೇ. ಮಾವ, ಮೈದುನ, ನಾದಿನಿ, ಮೈಕಮ್ಮನ ಮದುವೆ, ತೊಟ್ಟಿಲಲ್ಲಿನ ಮಗು. ಅತ್ತೆ ಒಂದರಲ್ಲೂ ಇರಲಿಲ್ಲ. ತೆಗೆಯುವವರೇ ಅವರಾದ ಮೇಲೆ ಅವರನ್ನು ತೆಗೆಯುವವರು ಯಾರು? ಈ ಮನೆಗೆ ಬಂದು ಇಷ್ಟು ವರ್ಷವಾದರೂ ತನಗಿದು ಕಾಣಲಿಲ್ಲವಲ್ಲ ಎಂದು ಮೈಕಮ್ಮನಿಗೆ ನಾಚಿಕೆಯಾಯಿತು.

ಯಜಮಾನ ಹೋದ ಮೇಲೆ ಅವಳ ಗಂಡ ಅಟ್ಟ ಹತ್ತಿ ಆ ಕೋಟು ಇಳಿಸಿ ತಂದ. ಕಿಟಕಿ ಬಳಿ ಕೊಡವಿದರೆ ಧೂಳೋ ಧೂಳು. "ಹಾಕ್ಕೊಳ್ಳಿ ಅತ್ತೆ," ಎಂದಳು ಮೈಕಮ್ಮ.

"ಜೇಬು ನೋಡೋದು ಬೇಡ," ಎಂದರು ಅತ್ತೆ ತೋಳು ತೂರಿಸುತ್ತ. "ಕೊನೇಲಿ ಬಂದಿದ್ದು ಬಸ್ಸಿನ ಕಂಡಕ್ಟರು. ಅಂಗಡಿ ಮುಚ್ಚುತ್ತೆ ಅಂತ ಬಾಗಿಲ ಮೇಲೇ ಬರೆದಿದ್ದೆ. ಅವನು ಅದನ್ನ ಓದ್ಕೊಂಡೇ ಒಳಗೆ ಬಂದಿದ್ದ. ಯಾರಿಗೆ ಅಂತ ಇಟ್ಟಿರ್ತಾನೆ?"

ಬೇಡವೆಂದ ಕೈಯೇ ಒಳಜೇಬಿಗೆ ಹೋಯಿತು. ಅಲ್ಲೇ ನಿಂತಿತು. ಹೊರಗೆ ಬಂದಾಗ ಬೆರಳ ತುದಿಯಲ್ಲಿ ಕಾಗದ ಸುತ್ತಿದ ಒಂದು ಪೆಪ್ಪರಮಿಂಟು ಇತ್ತು, ಹಳೆಯದಾಗಿ ಕಾಗದಕ್ಕೇ ಅಂಟಿಕೊಂಡಿತ್ತು.

ಅತ್ತೆ ಅದನ್ನು ನೋಡುತ್ತಲೇ ನಿಂತರು. "ಇನ್ಮೇಲೆ ಯಾರೂ ಬರಲ್ಲ ಅಂತ ಗೊತ್ತಿತ್ತು ಅವನಿಗೆ," ಎಂದರು. "ಮುಂದಿನೋರು ಯಾರೂ ಇರಲಿಲ್ಲವಲ್ಲೇ."

"ನೀವಿದ್ರಲ್ಲ ಅತ್ತೆ."

ಅತ್ತೆ ಕಾಗದವನ್ನು ಉಗುರಿನಿಂದ ಕೆರೆದು ಕೆರೆದು ಬಿಡಿಸಿದರು. ಹಳೇದು, ತಿನ್ನಬೇಡ ಎಂದು ಮಗ ಹೇಳುತ್ತಿದ್ದರೂ ಕೇಳದೆ ಬಾಯಿಗೆ ಹಾಕಿಕೊಂಡರು. ಕುರ್ಚಿಯಲ್ಲಿ ಕೂತು, ಕೈಯೆಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಕುರ್ಚಿಯ ತೋಳಿನ ಮೇಲೆ ಇಟ್ಟರು. ಮೈಕಮ್ಮ ಹೋಗಿ ಅವರ ಗದ್ದ ಹಿಡಿದು, ಊರಿನವರನ್ನೆಲ್ಲ ಅವರು ತಿರುಗಿಸಿದ ಹಾಗೆಯೇ, ಬೆಳಕಿನ ಕಡೆ ತಿರುಗಿಸಿದಳು. ವಾಪಸು ಕ್ಯಾಮೆರಾ ಹಿಂದೆ ಬಂದು ಒಂದು ಕಣ್ಣು ಮುಚ್ಚಿದಳು.

"ಗದ್ದ ಸ್ವಲ್ಪ ಮೇಲೆ. ಹಾಂ. ಅಲ್ಲಾಡಬೇಡಿ."

ಅತ್ತೆ ಅಲ್ಲಾಡಲಿಲ್ಲ. ತುಟಿಯನ್ನೂ ಅಲ್ಲಾಡಿಸದೆ, ಎಡಗೆನ್ನೆ ಊದಿಸಿಕೊಂಡೇ ಹೇಳಿದರು, "ಕೆನ್ನೆ ತಿದ್ದಬೇಡ ಕಣೇ. ಹಾಗೇ ಇರ್ಲಿ."