ಖಾಲಿ ಆಕಾಶದ ತುಂಡು

ಕಸ ಬೇರ್ಪಡಿಸುವ ಕೆಲಸ ಅರ್ಧಕ್ಕೆ ಬಂದಿತ್ತು. ದೂರದರ್ಶಕದ ಕ್ಯಾಮೆರಾ ಹಿಡಿದ ಮಿಂಚುಗಳು ಪರದೆಯ ಮೇಲೆ ಒಂದೊಂದಾಗಿ ಬರುತ್ತಿದ್ದವು. ತೆಳ್ಳಗೆ ಅಕ್ಕಿಕಾಳಿನಂತಿದ್ದರೆ ಗಾಮಾ ಕಿರಣ ಇರಬಹುದು. ಚೆಲ್ಲಿದ ಮೊಸರಿನಂತಿದ್ದರೆ ಕಸ. ಕಂಪ್ಯೂಟರ್ ಆರಿಸಿಕೊಟ್ಟದ್ದರಲ್ಲಿ ಒಂದಿಷ್ಟನ್ನು ಕಣ್ಣಾರೆ ನೋಡದೆ ಅವಳು ಯಾವ ಲೆಕ್ಕವನ್ನೂ ಮುಗಿಸುತ್ತಿರಲಿಲ್ಲ.

ಆಕಾಶಗಂಗೆಯ ನಡುವಿನಿಂದ ಹೊರಟ ಕಿರಣ ಭೂಮಿಯ ಗಾಳಿಗೆ ಬಡಿದು ಚೂರಾಗುವಾಗ, ಕಣ್ಣಿಗೆ ಸಿಗದಷ್ಟು ಚುಟುಕಾದ ನೀಲಿ ಮಿಂಚೊಂದು ಹೊಳೆಯುತ್ತದೆ. ಅದನ್ನು ಹಿಡಿಯುವುದೇ ಈ ಸಂಸ್ಥೆಯ ಕೆಲಸ. ಆದರೆ ಎಲ್ಲೆಲ್ಲಿಂದಲೋ ಬರುವ ಬೇರೆ ಕಣಗಳೂ ಹಾಗೇ ಮಿಂಚುತ್ತವೆ. ಎಷ್ಟು ಸೋಸಿದರೂ ಅಷ್ಟಿಷ್ಟು ಉಳಿದೇ ಉಳಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಏನೂ ಇಲ್ಲದ ಆಕಾಶದ ತುಂಡೊಂದನ್ನು ಆರಿಸಿ, ಅಲ್ಲಿ ಸಿಕ್ಕ ಕಸವನ್ನು ಎಣಿಸಿ, ಆಕಾಶಗಂಗೆಯ ನಡುವಿನ ಎಣಿಕೆಯಿಂದ ಕಳೆಯುತ್ತಾರೆ. ಡಬ್ಬಿಯ ಸಮೇತ ಹಿಟ್ಟು ತೂಗಿ, ಆಮೇಲೆ ಖಾಲಿ ಡಬ್ಬಿಯ ತೂಕ ಕಳೆದ ಹಾಗೆ. ಕಳೆದ ಡಬ್ಬಿ ಬೇರೆ ಯಾವುದೋ ಹಗುರದ್ದಾದರೆ ಹಿಟ್ಟು ಜಾಸ್ತಿ ಕಾಣುತ್ತದೆ. ಅಷ್ಟೇ ವಿಷಯ.

"ಮುಗೀತೇನೆ?" ಎಂದು ಗಂಡ ಒಳಗೆ ಬಂದ. ಇಲ್ಲಿ ಅವನು ಗುಂಪಿನ ಮುಖ್ಯಸ್ಥ. "ಹೊಂದುತ್ತೆ ತಾನೆ?"

ಗುಂಪಿನಲ್ಲೊಂದು ಕಟ್ಟಳೆಯಿತ್ತು. ಹೊಸದೇನಾದರೂ ಕಂಡರೆ ಇಬ್ಬರು ಬೇರೆ ಬೇರೆ ಕೂತು, ಬೇರೆ ಬೇರೆ ಪ್ರೋಗ್ರಾಂ ಬಳಸಿ, ಒಬ್ಬರದನ್ನೊಬ್ಬರು ನೋಡದೆ ಲೆಕ್ಕ ಹಾಕಬೇಕು. ಎರಡೂ ಹೊಂದಿದರೆ ಮಾತ್ರ ಸುದ್ದಿ ಹೊರಗೆ. ಆಕಾಶಗಂಗೆಯ ನಡುವಿನ ಪಕ್ಕದಲ್ಲಿ ಇದುವರೆಗೆ ಯಾರೂ ಕಾಣದ ಹೊಳಪೊಂದು ತನಗೆ ಕಂಡಿದೆ ಎಂದು ಗಂಡ ಹೇಳಿದಾಗ, ಎರಡನೆಯ ಲೆಕ್ಕಕ್ಕೆ ಹೆಂಡತಿಯನ್ನೇ ಗೊತ್ತುಮಾಡಿದ್ದ. "ಒಂದೇ ಮನೆಯವರು ಅಂತ ಹೆದರಬೇಡಿ, ಮೇಡಂ ನನ್ನನ್ನ ಸುಮ್ಮನೆ ಬಿಡೋ ಪೈಕಿ ಅಲ್ಲ" ಎಂದು ಸಭೆಯನ್ನು ನಗಿಸಿದ್ದ. ಮರುದಿನ ತಿಂಡಿ ತಿನ್ನುತ್ತಾ, ತಾನು ಕಳೆದ ಖಾಲಿ ತುಂಡು ಯಾವುದು ಎಂದು ತಾನಾಗಿಯೇ ಹೇಳಿದ್ದ. "ಅದನ್ನೇ ತಗೋ. ಬೇರೆ ಹುಡುಕ್ತಾ ಕೂರಬೇಡ."

"ನೀವು ಹೇಳಿದ ತುಂಡು ತಗೊಂಡ್ರೆ ಹೊಂದುತ್ತೆ" ಎಂದಳು. "ಆದ್ರೆ ಅಲ್ಲೊಂದು ನಕ್ಷತ್ರ ಇದೆ ರೀ."

"ಆಕಾಶ ಅಂದ್ಮೇಲೆ ನಕ್ಷತ್ರ ಇರದೆ ಏನಿರತ್ತೆ, ದನ ಇರತ್ತಾ?"

"ಜೋರು ನಕ್ಷತ್ರ. ಅದರ ಬೆಳಕು ತಡೀಲಾರದೆ ಕ್ಯಾಮೆರಾ ಅಲ್ಲಿನ ಪಿಕ್ಸೆಲ್‌ಗಳನ್ನ ತಾನೇ ಆಫ್ ಮಾಡ್ಕೊಂಡಿದೆ. ಕಣ್ಣು ಮುಚ್ಚಿದ ಜಾಗದಲ್ಲಿ ಕಸ ಎಲ್ಲಿಂದ ಸಿಗಬೇಕು? ಕಮ್ಮಿ ಸಿಕ್ತು, ಕಮ್ಮಿ ಕಳೆದ್ರಿ, ಜಾಸ್ತಿ ಉಳೀತು. ಅದೇ ನಿಮ್ಮ ಹೊಳಪು."

ಅವನ ಮುಖ ನೋಡಿದಳು. ಅಲ್ಲಿ ಆಶ್ಚರ್ಯ ಇರಲಿಲ್ಲ. ಸಾಬೂನು ಜಾರಿ ಬಿದ್ದಾಗ ಆಗುವಷ್ಟು ಕಿರಿಕಿರಿ ಮಾತ್ರ ಇತ್ತು.

"ಬೇರೆ ತುಂಡು ತಗೊಂಡು ನೋಡಿದ್ರಾ?"

"ನೋಡ್ದೆ. ಬೇರೇದ್ರಲ್ಲಿ ಇಷ್ಟು ಚೆನ್ನಾಗಿ ಬರಲ್ಲ."

ಚೆನ್ನಾಗಿ! ಬಟ್ಟೆಯಂಗಡಿಯ ಕನ್ನಡಿಗಳ ಮುಂದೆಲ್ಲ ನಿಂತು ನೋಡಿ, ತೆಳ್ಳಗೆ ತೋರಿಸಿದ ಒಂದನ್ನು ಮೆಚ್ಚಿಕೊಂಡು ಬಂದವನ ಧ್ವನಿ. ಇವನು ಸುಳ್ಳುಗಾರನಾಗಿದ್ದರೂ ಒಂದು ಮರ್ಯಾದೆ ಇರುತ್ತಿತ್ತು. ಸುಳ್ಳಿಗೆ ಸ್ವಲ್ಪವಾದರೂ ಧೈರ್ಯ ಬೇಕು. ಇವನದು ಬರೀ ಆಸೆ. ತಟ್ಟೆಯಲ್ಲಿ ದೊಡ್ಡ ಚೂರು ತನ್ನ ಕಡೆ ಬರುವ ಹಾಗೆ ಮೆಲ್ಲಗೆ ತಟ್ಟೆ ತಿರುಗಿಸುವ ಮಗುವಿನ ಆಸೆ. ಮಗು ಮಾಡಿದರೆ ನಗು ಬರುತ್ತದೆ. ತಲೆಗೆ ಬಣ್ಣ ಹಚ್ಚಿಕೊಳ್ಳುವ ಗಂಡಸು ಮಾಡಿದರೆ ಮುಖ ತಿರುಗಿಸಬೇಕೆನಿಸುತ್ತದೆ.

"ಸಣ್ಣಸಣ್ಣದನ್ನೆಲ್ಲ ಹಿಡ್ಕೊಂಡು ಕೂತ್ರೆ ದೊಡ್ಡದು ಯಾವತ್ತೂ ಕೈಗೆ ಹತ್ತಲ್ಲ ಕಣೆ" ಎಂದ ಅವನು, ಬಾಗಿಲಲ್ಲಿ ನಿಂತು. "ಅದಕ್ಕೇ ನೀನು ಇದ್ದಲ್ಲೇ ಇರೋದು. ಮಧ್ಯಾಹ್ನದ ಸಭೆಗೆ ಹೊರಗಿನವರೆಲ್ಲ ಬರ್ತಿದ್ದಾರೆ. ಹೊಂದುತ್ತೆ ಅಂತ ಒಂದು ಮಾತು ಹೇಳು, ಸಾಕು."

ಅವನು ಹೋದ ಮೇಲೆ ಕೋಪಕ್ಕಾಗಿ ಕಾದಳು. ಕೋಪ ಬರಲಿಲ್ಲ. ಅವನ ಮೇಲೆ ಖರ್ಚು ಮಾಡುವಷ್ಟು ಕೋಪ ಅವಳ ಬಳಿ ಉಳಿದೂ ಇರಲಿಲ್ಲ. ಬಾಯಲ್ಲಿ 'ನೀವು' ನಡೆಯುತ್ತಿತ್ತು. ಒಳಗೆ ಅವನು ಏಕವಚನಕ್ಕಿಳಿದು ಬಹಳ ಕಾಲವಾಗಿತ್ತು. ನಕ್ಷತ್ರವಿಲ್ಲದ ತುಂಡುಗಳನ್ನು ತಾನೇ ಆರಿಸಿ ಲೆಕ್ಕವನ್ನು ಮತ್ತೆ ಓಡಿಸಲು ಹಚ್ಚಿ, ಊಟಕ್ಕೆ ಮನೆಗೆ ಹೊರಟಳು.

ಮನೆ ಸಂಸ್ಥೆಯ ಹಿಂದಿನ ಬೀದಿಯಲ್ಲೇ. ನಾದಿನಿ ಬೆಳಿಗ್ಗೆಯೇ ಬಂದಿಳಿದಿದ್ದಳು. ಊಟದ ಮೇಜಿನಲ್ಲಿ ಅಣ್ಣನ ಪಕ್ಕ ಕೂತು, ಅವನು ಪ್ರಶಸ್ತಿ ತಗೊಂಡು ಬಂದವನೇ ಎಂಬಂತೆ ನೋಡುತ್ತಿದ್ದಳು.

"ಅಣ್ಣ, ಟೀವಿಯವರು ಬಂದ್ರೆ ನೀಲಿ ಅಂಗಿ ಹಾಕ್ಕೋ. ಈ ಬಿಳೀದ್ರಲ್ಲಿ ಹೊಟ್ಟೆ ಕಾಣತ್ತೆ."

"ನೀಲೀದ್ರಲ್ಲಿ ಹೊಟ್ಟೆ ಎಲ್ಲಿಗೆ ಹೋಗತ್ತೆ?" ಎಂದರು ಅತ್ತೆ. "ಅಲ್ವೋ, ನೀನು ಕಂಡುಹಿಡಿದ ಆ ಬೆಳಕಿಂದ ಏನು ಪ್ರಯೋಜನ?"

"ಪ್ರಯೋಜನ ಏನು ಬಂತಮ್ಮ, ಹೆಸರು!"

"ಹೆಸರಿಗೆ ಅಷ್ಟು ದೂರ ಹೋಗ್ಬೇಕಿತ್ತಾ?"

ನಾದಿನಿ ಬಿದ್ದುಬಿದ್ದು ನಕ್ಕಳು. ಆಮೇಲೆ ಇವಳ ಕಡೆ ತಿರುಗಿ, "ಅತ್ತಿಗೆ, ಫೋಟೋ ತೆಗೆಯೋವಾಗ ನೀವೂ ಪಕ್ಕ ನಿಂತ್ಕೊಳ್ಳಿ, ಚೆನ್ನಾಗಿರತ್ತೆ. ನಿಮ್ಮದೂ ಇದೆ ಅಲ್ವಾ ಇದರಲ್ಲಿ?"

"ಇವಳದ್ದೇ ಎಲ್ಲ" ಎಂದ ಅವನು, ಅನ್ನ ಕಲಸುತ್ತಾ, ಧಾರಾಳವಾಗಿ. "ನಾನು ಎಷ್ಟು ಕೂಗಿದ್ರೂ ಜನ ನೂರು ಪ್ರಶ್ನೆ ಕೇಳ್ತಾರೆ. ಇವಳು ಹೂಂ ಅಂದ್ಬಿಟ್ರೆ ಮುಗೀತು, ಯಾರೂ ಉಸಿರೆತ್ತಲ್ಲ. ಅಷ್ಟು ನಂಬಿಕೆ ಇವಳ ಮಾತಿಗೆ."

"ಗಂಡನ ಕೆಲಸ ಅಂದ್ಮೇಲೆ ಹೂಂ ಅನ್ನದೆ ಇನ್ನೇನಂತಾಳೆ?" ಎಂದರು ಅತ್ತೆ.

ಹೊಗಳಿಕೆಯೆಂದೇ ಅವನು ಹೇಳಿದ್ದು. ಅದು ತನ್ನನ್ನು ಬೆತ್ತಲೆ ಮಾಡುತ್ತಿದೆ ಎಂದು ತಿಳಿಯುವಷ್ಟು ಬುದ್ಧಿಯೂ ಅವನಿಗಿರಲಿಲ್ಲ. ಅವನಿಗೆ ಬೇಕಾದದ್ದು ಅವಳ ಲೆಕ್ಕವಲ್ಲ, ಅವಳ ಹೂಂ. ಇಷ್ಟು ವರ್ಷ ಮಿಂಚುಗಳನ್ನು ಒಂದೊಂದಾಗಿ ನೋಡಿ ಕಣ್ಣು ಸವೆಸಿ ಅವಳು ಸಂಪಾದಿಸಿದ್ದು ಅದೊಂದೇ: ಇವಳು ಹೇಳಿದರೆ ಸರಿಯಿರುತ್ತದೆ ಎಂಬ ಮಾತು. ಅದನ್ನು ಹಾಸಿ ತನ್ನ ತೂತು ಮುಚ್ಚಿಕೊಳ್ಳಬೇಕಂತೆ ಇವನಿಗೆ. ನಾಳೆ ಯಾವುದೋ ದೇಶದ ಇನ್ನೊಂದು ಗುಂಪು ಆ ನಕ್ಷತ್ರವನ್ನು ತೋರಿಸಿ ನಗುತ್ತದೆ. ಇವನು ಆಗ, ಎರಡನೆಯ ಲೆಕ್ಕ ಮಾಡಿದವರನ್ನು ಕೇಳಿ ಅಂತಾನೆ. ಅದೂ ನಗುನಗುತ್ತಾ.

"ಪಲ್ಯ ಬಡಿಸಲಾ?" ಎಂದು ಕೇಳಿದಳು.

"ಸಾಕು ಸಾಕು. ಹೊಟ್ಟೆ ಭಾರ ಆದ್ರೆ ಮಾತಾಡಕ್ಕಾಗಲ್ಲ."

ಕೋಣೆಗೆ ಮರಳಿದಾಗ ಲೆಕ್ಕ ಮುಗಿದಿತ್ತು. ಪರದೆಯ ಮೇಲೆ ಆಕಾಶಗಂಗೆಯ ನಡು, ಎಲ್ಲರಿಗೂ ಗೊತ್ತಿದ್ದ ಹಾಗೆ, ಗಟ್ಟಿಯಾಗಿ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ, ಗಂಡನ ಹೊಳಪು ಇರಬೇಕಾದಲ್ಲಿ, ಕತ್ತಲೆ. ಸ್ವಚ್ಛವಾದ, ಯಾರ ಮುಲಾಜೂ ಇಲ್ಲದ ಕತ್ತಲೆ. ಅವಳಿಗದು ಚೆಂದ ಕಂಡಿತು.

ಸಭೆಯಲ್ಲಿ ತೋರಿಸಲು ಪುಟವೊಂದನ್ನು ಅವನು ಮೊದಲೇ ತಯಾರಿಸಿ ಕಳಿಸಿದ್ದ. ಮೇಲೆ ದಪ್ಪ ಅಕ್ಷರದಲ್ಲಿ "ಎರಡೂ ಲೆಕ್ಕಗಳು ಹೊಂದುತ್ತವೆ." ಕೆಳಗೆ ಅವಳ ಚಿತ್ರಕ್ಕೆ ಜಾಗ ಬಿಟ್ಟಿದ್ದ. ಮೊದಲೇ ಹೇಳಿಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ಹೇಳಿದರೆ ಅವನು ಸಭೆಯನ್ನೇ ಮುಂದೆ ಹಾಕಿ, ಎರಡನೆಯ ಲೆಕ್ಕಕ್ಕೆ ಇನ್ಯಾರನ್ನಾದರೂ ಕೂರಿಸುತ್ತಾನೆ. ಇನ್ನಷ್ಟು ತೆಳ್ಳಗೆ ತೋರಿಸುವ ಕನ್ನಡಿ ಹುಡುಕುತ್ತಾನೆ. ರಾತ್ರಿ ಮನೆಯಲ್ಲಿ ಏನಾಗುತ್ತದೆ ಎಂದೂ ಯೋಚಿಸಿದಳು. ಅವನು ಮಾತು ಬಿಡುತ್ತಾನೆ. ಅವನ ಮೌನದಲ್ಲಿ ಅವಳು ಕಳೆದುಕೊಳ್ಳುವಂಥದ್ದು ಏನಿತ್ತು ಎಂದು ಹುಡುಕಿದರೆ ಒಂದೂ ನೆನಪಾಗಲಿಲ್ಲ.

ದಪ್ಪ ಅಕ್ಷರದ ಸಾಲನ್ನು ಅಳಿಸಿದಳು. ಚಿತ್ರವನ್ನು ಇಟ್ಟಳು. ಯಾವ ತುಂಡು, ಯಾಕೆ, ನಕ್ಷತ್ರ ಎಲ್ಲಿ ಎಂದು ಅದರ ಕೆಳಗೆ ಸಣ್ಣಗೆ ಬರೆದಳು.

ಹೊರಗೆ ಪಡಸಾಲೆಯಲ್ಲಿ ಅವನು ಬಂದವರ ಕೈ ಕುಲುಕುತ್ತಾ ಗಟ್ಟಿಯಾಗಿ ಮಾತಾಡುತ್ತಿದ್ದ. ಒಳಗೆ ಇಣುಕಿ, "ಆಯ್ತಾ? ಜಾಸ್ತಿ ವಿವರ ಬೇಡ, ಆಯ್ತಾ?" ಎಂದ.

"ಇಲ್ಲ. ಒಂದೇ ಚಿತ್ರ."

"ಒಂದೇ ಸಾಕು" ಎಂದು ಅವನು ನಕ್ಕು, ನೀಲಿ ಅಂಗಿಯ ಕಾಲರ್ ಸರಿಮಾಡಿಕೊಂಡ.

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಅವನ ಹಿಂದೆ ನಡೆದಳು.