ಝಹೀರನಿಗೆ ಬೇರೆ ತಟ್ಟೆ

ಆ ಹೆಂಗಸು ನಗುತ್ತಿದ್ದಾಳೆ, ಟಿವಿಯ ಇಟಲಿ ಹೆಂಗಸು, ಮಗಳು ಕರೆತಂದ ಕಪ್ಪು ಹುಡುಗನಿಗೆ ದೂರದ ಕುರ್ಚಿ ತೋರಿಸಿ ನಗುತ್ತಿದ್ದಾಳೆ, ಅವರ ಮಾತು ಐಸಮ್ಮನಿಗೆ ತಿಳಿಯದು, ಕೆಳಗೆ ಓಡುವ ಇಂಗ್ಲಿಷು ಓದಲು ಬಾರದು, ಆದರೆ ಆ ನಗು ತಿಳಿಯುತ್ತದೆ, ತುಟಿಗೆ ಮಾತ್ರ ಹಚ್ಚಿಕೊಂಡ ನಗು — ಅಂತೂ ಸಿನಿಮಾದಲ್ಲಿ ಬಾಂಬ್ ಇಡದ ಒಬ್ಬ ಮುಸ್ಲಿಂ ಹುಡುಗನನ್ನು ತೋರಿಸಿದರಲ್ಲ ಮಾರಾಯ, ಮಗ ಫೈಝಲ್ ಸೋಫಾದಲ್ಲಿ ಕಾಲು ಚಾಚಿ ಹೇಳುತ್ತಾನೆ, ನೋಡಿ ಉಮ್ಮ, ಅಲ್ಲೇ ಹುಟ್ಟಿ ಬೆಳೆದವನಂತೆ, ಆದರೂ ಬಣ್ಣ ನೋಡಿ ಹೆಣ್ಣು ಕೊಡುವುದಿಲ್ಲವಂತೆ, ನಮ್ಮಲ್ಲಿ ಹೀಗೆಲ್ಲ ಉಂಟಾ, ನಾವೆಲ್ಲ ಒಂದೇ ಹರಿವಾಣದಲ್ಲಿ ಉಣ್ಣುವವರು — ಹೌದು, ಒಂದೇ ಹರಿವಾಣ, ಮೊಮ್ಮಗಳು ಸಮೀಹಾ ತಲೆ ಎತ್ತುವುದಿಲ್ಲ, ಕಳೆದ ಶುಕ್ರವಾರದಿಂದ ಮಾತಿಲ್ಲ, ಅವಳು ಮೆಚ್ಚಿದ ಹುಡುಗ ಝಹೀರ್ ಕುವೈತಿನ ಈ ಸಾಲ್ಮಿಯಾದ ಮನೆಗೆ ಊಟಕ್ಕೆ ಬಂದು ಹೋದಂದಿನಿಂದ, ಅವಳೇ ಕರೆದದ್ದು, ಅಜ್ಜೀ, ನೀವು ಹೂಂ ಅಂದರೆ ಅಬ್ಬನೂ ಇಲ್ಲ ಅನ್ನುವುದಿಲ್ಲ, ಒಮ್ಮೆ ನೋಡಿ, ಐಸಮ್ಮ ನೋಡಿದಳು, ಶುವೈಖಿನಲ್ಲಿ ಕಾರು ರಿಪೇರಿ ಮಾಡುವ ಹುಡುಗ, ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಕರಿ ಆಯಿಲ್, ಸಲಾಂ ಹೇಳಿ ತಲೆ ತಗ್ಗಿಸಿದ, ಯಾರ ಮನೆಯವ ನೀನು ಮಗಾ, ಅಜ್ಜನ ಹೆಸರೇನು, ಓ, ನಮ್ಮೂರ ಮಸೀದಿ ಹಿಂದಿನ ಓಣಿಯ ಹಸನಬ್ಬ — ನೆನಪು ಬಾರದೆ ಹೋಗಬಾರದಿತ್ತೇ, ಕ್ಷೌರದ ಹಸನಬ್ಬ, ಇದೇ ಫೈಝಲನ ಹುಟ್ಟುಗೂದಲು ತೆಗೆದ ಕೈ, ಕತ್ತಿಯ ಪೆಟ್ಟಿಗೆ ಮಡಿಲಲ್ಲಿಟ್ಟು ಹಿತ್ತಿಲ ಬಾಗಿಲಲ್ಲೇ ಕೂರುತ್ತಿದ್ದ, ಅವರಿಗೆ ಹೆಣ್ಣು ಕೊಡುವುದಿಲ್ಲ, ಅವರಿಂದ ತರುವುದೂ ಇಲ್ಲ, ಯಾವ ಕಿತಾಬಿನಲ್ಲೂ ಹಾಗೆಂದು ಇಲ್ಲ, ಆದರೂ ಇಲ್ಲ, ಫೈಝಲನಿಗೆ ಇದು ಗೊತ್ತೇ ಇರಲಿಲ್ಲ, ಈ ಕುವೈತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ವಿಮಾನದಲ್ಲಿ ಹೊತ್ತು ತಂದವಳು ತಾನೊಬ್ಬಳೇ, ಕೈ ತಾನಾಗಿ ಎದ್ದು ಕಪಾಟಿನಿಂದ ಒಂದು ತಟ್ಟೆ ತೆಗೆಯಿತು, ಎಲ್ಲರೂ ಹರಿವಾಣದ ಸುತ್ತ ಕೂತಿದ್ದಾಗ ಅವನೊಬ್ಬನಿಗೆ ಬೇರೆ ಬಡಿಸಿತು, ನೀನು ಆರಾಮದಲ್ಲಿ ಉಣ್ಣು ಮಗಾ, ತುಟಿಯೂ ನಕ್ಕಿತು, ಇಗೋ ಇದೇ ನಗು, ಅವನಿಗೆ ತಿಳಿದುಹೋಯಿತು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಒಂದು ಅಗುಳೂ ಬಿಡದೆ ಉಂಡು ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದ, ಆಮೇಲೆ ಫೈಝಲ್ ಕೇಳಿದ, ಯಾಕುಮ್ಮ ಹಾಗೆ ಮಾಡಿದ್ದು, ಹಸನಬ್ಬನ ವಿಷಯ ಹೇಳಿದಳು, ಹಾಗಾದರೆ ಖಲಾಸ್, ಇನ್ನು ಆ ಮದುವೆಯ ಮಾತು ಬೇಡ, ಎಂದವನು ಇವನೇ, ಈಗ ಇಟಲಿಯವರನ್ನು ಬೈಯುವವನೂ ಇವನೇ, ಅವನ ತಪ್ಪೇನು, ಕಿವಿಗೆ ಹೊಯ್ದವಳು ತಾನಲ್ಲವೇ — ಯಲ್ಲಾ, ಊಟಕ್ಕೆ ಬನ್ನಿ, ಸೊಸೆ ಝಾಹಿದಾ ಕರೆಯುತ್ತಾಳೆ, ನೆಲಕ್ಕೆ ಸುಪ್ರ ಹಾಸಿ ನಡುವೆ ಹರಿವಾಣ ಇಟ್ಟಿದ್ದಾಳೆ, ತುಪ್ಪದನ್ನದ ಹಬೆ, ಸಮೀಹಾ ಮಾತ್ರ ಕಪಾಟಿನ ಮುಂದೆ ನಿಂತಿದ್ದಾಳೆ, ಅಜ್ಜೀ, ಅವನಿಗೆ ಕೊಟ್ಟ ತಟ್ಟೆ ಯಾವುದು, ಇನ್ನು ಮೇಲೆ ನನಗೂ ಅದರಲ್ಲೇ ಬಡಿಸಿ, ಏನೇ ನಿನ್ನ ನಾಟಕ, ಬಂದು ಕೂರು, ಎಂದು ಫೈಝಲ್ ಗದರುತ್ತಾನೆ, ಅವಳು ಹರಿವಾಣ ಬಿಟ್ಟು ಗೋಡೆ ಬದಿಗೆ ಹೋಗಿ ಕೂರುತ್ತಾಳೆ, ಈಗ ಹೇಳಬೇಕು, ಆ ಹುಡುಗನನ್ನು ಕರೆ ಮಗಳೇ, ನನ್ನ ಪಕ್ಕದಲ್ಲಿ ಕೂರಲಿ, ಇಷ್ಟೇ ಹೇಳಬೇಕು, ಐಸಮ್ಮ ತನ್ನ ಮುಂದಿನ ತುತ್ತು ಕಲಸುತ್ತಾಳೆ, ಎಲ್ಲರ ಕೈಯೂ ತಮ್ಮ ತಮ್ಮ ಮುಂದಿನ ಅನ್ನಕ್ಕೆ ಇಳಿಯುತ್ತಿದೆ, ಹರಿವಾಣ ಬರಿದಾಗುತ್ತ ಬರುತ್ತದೆ, ಸಮೀಹಾ ಕೂರಬೇಕಿದ್ದ ಬದಿಯ ಅನ್ನ ಮಾತ್ರ ಹಾಗೇ, ಯಾರೂ ಮುಟ್ಟುವುದಿಲ್ಲ, ಹಬೆ ಆರಿತು, ಹಾಗೇ ಇದೆ, ಅವಳ ಬದಿಯ ಅನ್ನ, ಕಡಿದು ನಿಲ್ಲಿಸಿದ ಗೋಡೆಯ ಹಾಗೆ, ಅವಳ ಬದಿಯ ಅನ್ನ