ಮೂರು ಸ್ಟಾಪು, ಎರಡು ಸ್ಟಾರ್ಟು

ಮಾವನ ಬಡಗಿ ಶೆಡ್ಡಿನಲ್ಲಿ ಹಲಗೆ ನಯ ಮಾಡುವ ಉದ್ದನೆಯ ಯಂತ್ರವೊಂದಿತ್ತು. ಸ್ವಿಚ್ಚು ಇದ್ದದ್ದು ಮಾವ ಹಲಗೆ ತಳ್ಳುವ ಕಡೆ. ಇನ್ನೊಂದು ತುದಿಯಲ್ಲಿ ಹಲಗೆ ಹಿಡಿಯುತ್ತಿದ್ದ ಮಗನಿಗೆ ಇದ್ದದ್ದು ಗಂಟಲು ಮಾತ್ರ. "ನಿಲ್ಸಪ್ಪಾ!" ಎಂದು ಅವನು ಅರಚಿದ್ದು ಆ ಗದ್ದಲದಲ್ಲಿ ಕೇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಸೋಮವಾರ ಕೇಳಿಸಲಿಲ್ಲ. ಹಲಗೆ ಅಡ್ಡ ತಿರುಗಿ ಸಿಕ್ಕಿಕೊಂಡು, ಮಾವ ತಲೆಯೆತ್ತಿ ನೋಡುವಷ್ಟರಲ್ಲಿ ಒಳ್ಳೆಯ ಮರ ಸೌದೆಯಾಗಿತ್ತು.

ಸೊಸೆ ಆ ಮನೆಗೆ ಬಂದು ಆರು ತಿಂಗಳು. ಮದುವೆಗೆ ಮುಂಚೆ ಮೋಟಾರಿನ ಕಂಟ್ರೋಲ್ ಬೋರ್ಡು ಜೋಡಿಸುವ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದವಳು. ಆ ಒಂಟಿ ಸ್ವಿಚ್ಚನ್ನು ಕಂಡಾಗಲೆಲ್ಲ ಅವಳ ಕೈ ಕಡಿಯುತ್ತಿತ್ತು.

"ಮಾವ, ಎರಡೂ ಕಡೆ ಸ್ಟಾರ್ಟು, ಸ್ಟಾಪು ಹಾಕಿಕೊಡ್ತೀನಿ."

"ಇಬ್ಬಿಬ್ರು ಹೇಳಿದ್ರೆ ಮಿಷಿನ್ನು ಯಾರ ಮಾತು ಕೇಳಬೇಕಮ್ಮಾ?"

"ನಿಲ್ಲಿಸು ಅಂದವರ ಮಾತು. ಸ್ಟಾಪುಗಳನ್ನ ಒಂದರ ಹಿಂದೆ ಒಂದು ಸೇರಿಸ್ತೀನಿ, ಯಾವುದು ಒತ್ತಿದ್ರೂ ಕರೆಂಟಿನ ದಾರಿ ತುಂಡಾಗುತ್ತೆ. ಸ್ಟಾರ್ಟುಗಳು ಅಕ್ಕಪಕ್ಕ, ಯಾವುದು ಒತ್ತಿದ್ರೂ ಓಡುತ್ತೆ."

ನೀರು ತಂದಿದ್ದ ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಹಾಗಾದ್ರೆ ಅಡುಗೆಮನೆಗೂ ಒಂದು ಸ್ಟಾಪು ಹಾಕು."

ಅಪ್ಪ ಮಗ ಇಬ್ಬರೂ ಗೊಳ್ಳೆಂದು ನಕ್ಕರು.

"ನಗೋದೇನಿದೆ? ಊಟಕ್ಕೆ ಕರೆದೂ ಕರೆದೂ ನನ್ನ ಗಂಟಲು ಹರಿದುಹೋಗಿದೆ. ಸ್ಟಾರ್ಟು ನನಗೆ ಬೇಡ, ಅದಕ್ಕೆ ಜನ ಇದ್ದಾರೆ."

ಸೊಸೆ ನಗಲಿಲ್ಲ. ಅಡುಗೆಮನೆಗೂ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಭಾನುವಾರ ಮೇನ್ ಆರಿಸಿ, ಬೆಳಗಿನಿಂದ ಸಂಜೆಯವರೆಗೆ ಪೈಪು ಹೊಡೆದು ವೈರು ಎಳೆದಳು. ಗೋಡೆ ಕೊರೆದು ಅತ್ತೆಗೆ ಕೊಟ್ಟದ್ದು ಅಣಬೆಯಂಥ ತಲೆಯ ಕೆಂಪು ಬಟನ್ನು. ಒಮ್ಮೆ ಒತ್ತಿದರೆ ತಿರುಗಿಸುವವರೆಗೂ ಅದು ಮೇಲೇಳುವುದಿಲ್ಲ ಎಂದು ಕೈ ಹಿಡಿದು ತೋರಿಸಿಯೂ ಕೊಟ್ಟಳು.

ಎರಡು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಅತ್ತೆ ಊಟದ ಹೊತ್ತಿಗೆ ಒತ್ತಿ, ತಕ್ಷಣ ತಿರುಗಿಸಿ ಬಿಡುತ್ತಿದ್ದರು. ಯಂತ್ರ ನಿಲ್ಲುತ್ತಿತ್ತು. ಮಾವ "ಇದೊಂದು ಹಲಗೆ ಆಗ್ಲಿ" ಎಂದು ಮತ್ತೆ ಸ್ಟಾರ್ಟು ಒತ್ತುತ್ತಿದ್ದರು. ಆ ಒಂದು ಹಲಗೆ ಐದಾಗಿ, ಊಟ ಆರಿ ತಣ್ಣಗಾಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಯಂತ್ರ ನಿಂತಿತು. ಮಾವ ಸ್ಟಾರ್ಟು ಒತ್ತಿದರು, ಜಪ್ಪಯ್ಯ ಅನ್ನಲಿಲ್ಲ. ಮಗ ತನ್ನ ಕಡೆಯದನ್ನು ಒತ್ತಿದ, ಊಹೂಂ.

"ನೋಡಿದ್ಯಾ? ಕಂಡಕಂಡ ಕಡೆ ವೈರು ಎಳೆದ್ರೆ ಇನ್ನೇನಾಗುತ್ತೆ!" ಎಂದರು ಮಾವ.

ಸೊಸೆಗೆ ಅನುಮಾನ ಬಂತು. ಎಲ್ಲೋ ತಿರುಪು ಸಡಿಲ ಬಿಟ್ಟೆನೇ? ಟೆಸ್ಟರ್ ಹಿಡಿದು ಹೊರಟಳು. ಫ್ಯೂಸು ಸರಿಯಿತ್ತು. ಮಾವನ ಸ್ಟಾಪು ದಾಟಿ ಕರೆಂಟು ಬರುತ್ತಿತ್ತು, ಗಂಡನದ್ದನ್ನೂ ದಾಟಿತ್ತು. ಅಲ್ಲಿಂದ ಅಡುಗೆಮನೆಗೆ ಹೋಗಿತ್ತು, ವಾಪಸು ಮಾತ್ರ ಬಂದಿರಲಿಲ್ಲ.

ಹೋಗಿ ನೋಡಿದರೆ ಬಟನ್ನು ಒಳಗೆ ಕೂತಿದೆ. ಅತ್ತೆ ನಿರಾತಂಕವಾಗಿ ತಟ್ಟೆ ಇಡುತ್ತಿದ್ದಾರೆ.

"ಅತ್ತೆ, ತಿರುಗಿಸೋದು ಮರೆತ್ರಾ?"

"ಮರೆಯೋದಕ್ಕೆ ನನಗೇನು ಅರಳುಮರಳೇ?"

ಸೊಸೆಗೆ ನಗು ಉಕ್ಕಿ ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು. ಶೆಡ್ಡಿಗೆ ಮರಳಿ, ಮುಖ ಗಂಭೀರ ಮಾಡಿಕೊಂಡು, "ಮಾವ, ಎಲ್ಲಿ ಕಡಿದಿದೆ ಅಂತ ಗೊತ್ತಾಯ್ತು. ಸರಿಹೋಗೋಕೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಊಟ ಮುಗಿಸಿಬಿಡಿ" ಎಂದಳು.

ಮಾವ ಗೊಣಗುತ್ತಲೇ ಬಂದು ಕೂತರು. ಹೊಗೆಯಾಡುವ ಊಟ ಕಂಡು ಗೊಣಗು ತಾನಾಗಿಯೇ ನಿಂತಿತು. ಎರಡನೆಯ ಸಲ ಬಡಿಸಿಕೊಳ್ಳುವಾಗ ಕಣ್ಣು ಗೋಡೆಯ ಮೇಲೆ ಹೋಯಿತು. ಒಳಗೆ ಕೂತ ಬಟನ್ನು, ಅದರ ಪಕ್ಕ ಸೌಟು ಹಿಡಿದ ಹೆಂಡತಿ, ತಟ್ಟೆಯಿಂದ ತಲೆಯೆತ್ತದ ಸೊಸೆ — ಮೂರನ್ನೂ ನೋಡಿದರು.

"ಓಹೋ! ನೀವಿಬ್ರೂ ಒಂದಾಗಿದ್ದೀರಿ!" ಎಂದು ಹೊಟ್ಟೆ ಹಿಡಿದು ನಕ್ಕರು. ಮಗನಿಗೆ ನಗುವಿನಲ್ಲಿ ತುತ್ತು ನೆತ್ತಿಗೇರಿತು.

ಊಟ ಮುಗಿಯುತ್ತಲೇ ಮಾವ ಎದ್ದು ಗೋಡೆಯತ್ತ ಕೈ ಚಾಚಿದರು. "ಯಾವ ಕಡೆ ತಿರುಗಿಸಬೇಕಮ್ಮಾ ಇದನ್ನ?"

"ಮೊದ್ಲು ಕೈ ತೊಳ್ಕೊಂಡು ಬನ್ನಿ," ಎಂದರು ಅತ್ತೆ.